ಬೆಂಕಿಯಣ್ಣನ ಗುಲಾಬಿ ಅತ್ತರು

ಇನ್ನು ಮೇಲೆ ತನ್ನ ಮೈಯಿಂದ ಹುಳಿಹಿಟ್ಟಿನ ವಾಸನೆ ಬಂದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಬೇಕರಿಯ ಯಜಮಾನ ಮನೆಯೆಲ್ಲ ಕೇಳುವಂತೆ ಶಪಥ ಮಾಡಿದ. ಬೀದಿಯವರು ಅವನನ್ನು ಬೆಂಕಿಯಣ್ಣ ಎನ್ನುತ್ತಿದ್ದರು. ಒಲೆಯಲ್ಲಿದ್ದದ್ದು ಬೆಳಗಿನ ಬೆಂಕಿ. ಮೂಗಿನ ತುದಿಯಲ್ಲಿದ್ದದ್ದು ದಿನವಿಡೀ ಆರದ ಬೆಂಕಿ!

ಶಪಥಕ್ಕೆ ಕಾರಣ ನಾದಿನಿ. ಭಾನುವಾರ ಬಂದವಳು ಅವನ ಪಕ್ಕ ಕೂತು, ಎರಡು ಸಲ ಮೂಗು ಅರಳಿಸಿ, ಎದ್ದುಹೋಗಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಳು. “ಭಾವ, ನಿಮ್ಮ ಪಕ್ಕ ಕೂತರೆ ನಾನೂ ಉಬ್ಬಿಬಿಡ್ತೀನೇನೋ ಅನ್ನಿಸುತ್ತೆ” ಎಂದಳು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಹೆಂಡತಿ ನಕ್ಕಳು!

ಸೋಮವಾರ ಅವನು ಅತ್ತರಿನ ಅಂಗಡಿಗೆ ದಂಡೆತ್ತಿ ಹೋದ. ಗುಲಾಬಿ ಅತ್ತರನ್ನು ಮೂಸಿದವನಿಗೆ ಜೀವಮಾನದಲ್ಲಿ ಮೊದಲ ಸಲ ಅರ್ಧ ನಿಮಿಷ ಕೋಪವೇ ಮರೆತುಹೋಯಿತು. ಆಗಷ್ಟೇ ಅರಳಿದ ಹೂವು, ಅದರ ಹಿಂದೆ ತುಸು ಜೇನು, ಕೊನೆಯಲ್ಲಿ ಮೆಣಸಿನಂಥ ಚುರುಕು. ನಾಡಿ ಮಿಡಿಯುವ ಕಡೆ, ಅಂದರೆ ಮಣಿಕಟ್ಟಿಗೂ ಮೊಣಕೈ ಒಳಮಡಿಕೆಗೂ ಹಚ್ಚಬೇಕೆಂದು ಅಂಗಡಿಯವ ಹೇಳಿಕೊಟ್ಟ. ಗಿರಾಕಿ ಮೊಣಕೈವರೆಗೂ ಹಿಟ್ಟಿನಲ್ಲಿ ಮುಳುಗುವ ಆಸಾಮಿ ಎಂದು ಪಾಪ, ಅವನಿಗೇನು ಗೊತ್ತು?

ಗೊತ್ತಿರಬೇಕಾದವನು ಬೆಂಕಿಯಣ್ಣ. ಹಿಟ್ಟು ನಾದುವ ಕೋಣೆಯ ಗೋಡೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಕೈಬರಹದ ಹಲಗೆಯೊಂದು ತೂಗುತ್ತಿತ್ತು: ‘ಪರಿಮಳ ಹಚ್ಚಿಕೊಂಡವರು ಹಿಟ್ಟು ಮುಟ್ಟಬಾರದು.’ ಹಿಟ್ಟು ಎಳೆಮಗುವಿದ್ದಂತೆ, ಎತ್ತಿಕೊಂಡವರ ಗುಣವನ್ನೆಲ್ಲ ಹೀರಿಕೊಳ್ಳುತ್ತದೆ ಎನ್ನುವುದು ಅವನ ಸಿದ್ಧಾಂತ. ಅವನ ಜೊತೆ ನಾದುತ್ತಿದ್ದವಳು ಹೆಂಡತಿಯೊಬ್ಬಳೇ. ಮದುವೆಯಾದ ವಾರದಲ್ಲೇ ಅವಳ ಪೌಡರು, ಕ್ರೀಮು, ಘಮಘಮಿಸುವ ಸೋಪು ಎಲ್ಲವೂ ಗಡಿಪಾರಾಗಿದ್ದವು. ಈಗ ಕಾನೂನು ಬರೆದವನಿಗೇ ಕಾನೂನು ಮರೆತಿತ್ತು. ದೊರೆಗಳಿಗೆ ಹೀಗಾಗುವುದುಂಟು.

ಮಂಗಳವಾರ ಬೆಳಿಗ್ಗೆ ಅತ್ತರು ಹಚ್ಚಿಕೊಂಡು ಹೆಂಡತಿಯ ಮುಂದೆ ಮೂರು ಸಲ ಸುಳಿದ. ತಾನಾಗಿ ಹೇಳುವುದಿಲ್ಲ, ಅವಳೇ ಬಾಯಿಬಿಟ್ಟು ಹೊಗಳಬೇಕು! ಅವಳು ಮುಖ ಗಂಟಿಕ್ಕಿ ಬ್ರೆಡ್ಡಿನ ತಟ್ಟೆ ಕುಕ್ಕಿದಳು. ಬುಧವಾರ ಅವನಿಗೇ ವಾಸನೆ ತಿಳಿಯಲಿಲ್ಲ. ಅತ್ತರಿನವ ಮೋಸ ಮಾಡಿದನೆಂದು ಹಲ್ಲು ಕಡಿದು, ಎರಡರಷ್ಟು ಸುರಿದುಕೊಂಡ. ಗುರುವಾರ ಅಂಗಿಗೂ ಸುರಿದ. ಹೆಂಡತಿ ತುಟಿ ಬಿಚ್ಚಲಿಲ್ಲ. ಕಲ್ಲಿಗೂ ಮೂಗಿದ್ದೀತು, ಇವಳಿಗಿಲ್ಲ ಎಂದು ಕುದಿಯುತ್ತ ಆ ಕೋಪವನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡ. ಹಿಟ್ಟು ಎಲ್ಲವನ್ನೂ ಹೀರಿಕೊಂಡಿತು.

ಹತ್ತು ಗಂಟೆಗೆ ಎದುರಿನ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ ಬುಟ್ಟಿ ಸಮೇತ ಬಂದಳು. ಬೇಕರಿಯ ಮುಕ್ಕಾಲು ಬ್ರೆಡ್ಡು ಹೋಗುತ್ತಿದ್ದದ್ದೇ ಆ ಆಸ್ಪತ್ರೆಗೆ.

“ಎರಡು ದಿನದಿಂದ ವಾರ್ಡಿನಲ್ಲಿ ಯಾರೂ ನಿಮ್ಮ ಬ್ರೆಡ್ ಮುಟ್ತಿಲ್ಲ. ಬಾಯಿಗಿಟ್ಟರೆ ಹೆಣಕ್ಕೆ ಹಾಕೋ ಹಾರದ ವಾಸನೆಯಂತೆ. ಒಬ್ಬರು ಮನೆಯವರನ್ನೆಲ್ಲ ಕರೆಸಿಕೊಂಡುಬಿಟ್ಟಿದ್ದಾರೆ.”

ಸಂಜೆಯೊಳಗೆ ಸರಿಯಾದ ಬ್ರೆಡ್ಡು ಬರದಿದ್ದರೆ ನಾಳೆಯಿಂದ ಬೇರೆ ಬೇಕರಿ ನೋಡಿಕೊಳ್ಳುತ್ತೇವೆ ಎಂದೂ ಸೇರಿಸಿದಳು.

ಬೆಂಕಿಯಣ್ಣ ಬ್ರೆಡ್ಡು ಮೂಸಿದ. ಏನೂ ಇಲ್ಲ! ಇದು ಯಾರದೋ ಸಂಚು ಎಂದು ಭುಗಿಲೆದ್ದ. ಫೋನಿನಲ್ಲಿ ಹಿಟ್ಟಿನ ವ್ಯಾಪಾರಿಯ ಜನ್ಮ ಜಾಲಾಡಿದ. ನೀರಿನ ಟ್ಯಾಂಕು ಹತ್ತಿ ಇಳಿದ. ಯೀಸ್ಟಿನ ಡಬ್ಬಿಯನ್ನು ಬೀದಿಗೆ ಎಸೆದ. ಕೊನೆಗೆ ಹೆಂಡತಿಯ ಕಡೆ ತಿರುಗಿ, “ನೀನೇ ಕದ್ದುಮುಚ್ಚಿ ಏನೋ ಹಚ್ಕೊಂಡಿದ್ದೀಯ. ತೋರಿಸು ಕೈ” ಎಂದು ಗುಡುಗಿದ.

ಅವಳು ಕೈ ತೋರಿಸಲಿಲ್ಲ. ಉಬ್ಬಲು ಇಟ್ಟಿದ್ದ ಎರಡು ಬೋಗುಣಿ ಹಿಟ್ಟು ತಂದು ಮೇಲ್ವಿಚಾರಕಿಯ ಮುಂದಿಟ್ಟಳು. ಒಂದನ್ನು ನಾದಿದವಳು ತಾನು, ಇನ್ನೊಂದನ್ನು ನಾದಿದವರು ಯಜಮಾನರು ಎಂದಳು. ಮೇಲ್ವಿಚಾರಕಿ ಬಗ್ಗಿ ಮೂಸಿದಳು.

“ಇದು ಬ್ರೆಡ್ಡು,” ಎಂದಳು. ಎರಡನೆಯದಕ್ಕೆ ಬಗ್ಗಿದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಇದು ಶವಯಾತ್ರೆ.”

ಅವಳು ಹೋದ ಮೇಲೆ ಹೆಂಡತಿ ಮೂರು ದಿನದ ಮೌನ ಮುರಿದಳು.

“ಸೋಮವಾರ ನಿಮ್ಮ ಕೋಟಿನ ಜೇಬಲ್ಲಿ ಶೀಶೆ ನೋಡಿದೆ. ಇಪ್ಪತ್ತೆರಡು ವರ್ಷಕ್ಕೆ ಕೊನೆಗೂ ನನಗೇ ಅಂತ ತಂದ್ರಲ್ಲ ಅಂದ್ಕೊಂಡೆ. ಈಗ ಕೊಡ್ತಾರೆ, ಆಗ ಕೊಡ್ತಾರೆ ಅಂತ ಕಾದೆ. ನೀವು ನೋಡಿದ್ರೆ ನೀವೇ ಹಚ್ಕೊಂಡು ನನ್ನ ಮುಂದೆ ನವಿಲಿನ ಹಾಗೆ ತಿರುಗ್ತಿದ್ರಿ.”

ಬೆಂಕಿಯಣ್ಣ ಬಚ್ಚಲಿಗೆ ಹೋಗಿ, ಬಟ್ಟೆ ಒಗೆಯುವ ಸೋಪಿನಲ್ಲಿ ತೋಳು ಕೆಂಪಾಗುವಷ್ಟು ಉಜ್ಜಿ, ಅಂಗಿ ಬದಲಿಸಿ ಬಂದ. ಬಂದು ನೋಡಿದರೆ ಹೆಂಡತಿ ಗಲ್ಲಾದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಮಣಿಕಟ್ಟು, ಮೊಣಕೈ, ಕಿವಿಯ ಹಿಂದೆ, ಎಲ್ಲೆಲ್ಲೂ ಗುಲಾಬಿ!

“ಏಳೇ, ಸಂಜೆಯೊಳಗೆ ಆಸ್ಪತ್ರೆಯ ಬ್ರೆಡ್ಡಾಗಬೇಕು” ಎಂದು ಅಂಗಲಾಚಿದ.

ಅವಳು ಹಲಗೆಯ ಕಡೆ ಬೆರಳು ತೋರಿಸಿದಳು. “ನನಗೇನೋ ನಾದೋಕೆ ಇಷ್ಟ. ನಿಮ್ಮ ಕಾನೂನು ಬಿಡಬೇಕಲ್ಲ.”

ಇಬ್ಬರ ಕೆಲಸವನ್ನು ಒಬ್ಬನೇ ನಾದಿದ. ಆಸ್ಪತ್ರೆಗೆ ಬ್ರೆಡ್ಡು ತಲುಪುವ ಹೊತ್ತಿಗೆ ಅವನ ತೋಳುಗಳು ಸೋತ ಹಗ್ಗದಂತೆ ಜೋಲುತ್ತಿದ್ದವು. ಮೈಯಿಂದ ಬೆವರೂ ಹುಳಿಹಿಟ್ಟೂ ಒಟ್ಟಿಗೆ ನಾರುತ್ತಿದ್ದವು. ಈ ಗುಲಾಬಿ ಎಷ್ಟು ದಿನ ಇರುತ್ತದೆ ಎಂದು ಮೆಲ್ಲಗೆ ಕೇಳಿದ. ಅವಳು ಶೀಶೆಯನ್ನು ಬೆಳಕಿಗೆ ಹಿಡಿದು, ಇನ್ನೂ ಅರ್ಧ ಇದೆ ಎಂದಳು. ಆಮೇಲೆ ಅವನ ಹತ್ತಿರ ಬಂದು ಒಮ್ಮೆ ಮೂಸಿ, ಬಿಸಿನೀರು ಕಾಯಿಸಿಟ್ಟಿದ್ದೇನೆ ಎಂದಳು.

ಎಷ್ಟಾದರೂ ಹೆಂಡತಿ, ನೋಯುವ ಮೈಗೆ ಸ್ನಾನದ ಏರ್ಪಾಡು ಮಾಡಿದ್ದಾಳೆ ಎಂದು ಅವನ ಕಣ್ಣು ತುಂಬಿತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ.

“ಸ್ನಾನಕ್ಕಲ್ಲ ರೀ,” ಎಂದಳು ಅವಳು, “ಮೀಸೆಗೆ.”