ನಾಲ್ಕರ ತಲೆ ಮೇಲಿನ ಗೆರೆ

ಹೆಂಡತಿಯ ಎದುರು ಜಂಬ ಕೊಚ್ಚಿಕೊಂಡರೆ ಅಪಾಯವಿಲ್ಲ, ಅವಳು ನಂಬುವುದಿಲ್ಲ. ಮಗಳ ಎದುರು ಕೊಚ್ಚಿಕೊಳ್ಳಬಾರದು. ನಮ್ಮ ಪ್ರೂಫ್ ರೀಡರಿಗೆ ಈ ಜ್ಞಾನೋದಯ ತುಸು ತಡವಾಗಿ ಆಯಿತು. ಒಂಬತ್ತನೇ ತರಗತಿಯ ಮಗಳಿಗೆ ಅವರು ಯಾವಾಗಲೋ, "ನಂಗೆ ಲೆಕ್ಕದಲ್ಲಿ ನೂರಕ್ಕೆ ನೂರು ಬಂದಿತ್ತು" ಎಂದುಬಿಟ್ಟಿದ್ದರು. ಬಂದದ್ದು ಮೂವತ್ತೈದು. ಅದರಲ್ಲೂ ನಾಲ್ಕು ಅಂಕ ಮೇಷ್ಟ್ರ ಕೃಪೆ.

ಬೆಳಗ್ಗೆ ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಮಗಳು ಚೀಟಿ ಹಿಡಿದು ಬಂದಳು.

"ಅಪ್ಪ, ಇದನ್ನ ಸುಲಭ ರೂಪಕ್ಕೆ ತರ್ಬೇಕಂತೆ. ವರ್ಗಮೂಲದೊಳಗೆ ಮೂರರ ವರ್ಗ, ಕೂಡು ನಾಲ್ಕರ ವರ್ಗ. ನಂಗೆ ಹತ್ತೊಂಬತ್ತು ಬರತ್ತೆ. ಗೈಡ್ ಹಿಂದೆ ಐದು ಅಂತಿದೆ. ಮೇಷ್ಟ್ರನ್ನೇ ಕೇಳ್ಲಾ?"

ಅದೇ ಮೇಷ್ಟ್ರು ಅಪ್ಪನಿಗೂ ಕಲಿಸಿದವರು. ಹಳೇ ವಿದ್ಯಾರ್ಥಿಗಳ ಅಂಕಗಳೆಲ್ಲ ಅವರ ನಾಲಿಗೆ ತುದಿಯಲ್ಲಿದ್ದವು. ಮೂವತ್ತೈದರ ಗುಟ್ಟು ರಟ್ಟಾಗಲು ಒಂದು ಮಾತು ಸಾಕಿತ್ತು.

"ಮೇಷ್ಟ್ರು ಯಾಕೆ, ನಾನಿಲ್ವಾ? ಸಾಯಂಕಾಲದೊಳಗೆ ಮಾಡ್ಕೊಡ್ತೀನಿ" ಎಂದು ಚೀಟಿಯನ್ನು ಜೇಬಿಗಿಳಿಸಿ ಹೊರಟರು.

ಬಸ್ಸಿನಲ್ಲೇ ಲೆಕ್ಕ ಮುಗಿಯಿತು. ಮೂಲಕ್ಕೂ ವರ್ಗಕ್ಕೂ ಹೊಡೆದುಹಾಕಿದರೆ ಉಳಿಯುವುದು ಮೂರು ಮತ್ತು ನಾಲ್ಕು. ಅಲ್ಲಿಗೆ ಏಳು. ಮಗಳದ್ದು ಹತ್ತೊಂಬತ್ತು, ಪುಸ್ತಕದ್ದು ಐದು, ತಮ್ಮದು ಏಳು. ಇಳಿಯುವ ಹೊತ್ತಿಗೆ ಅವರಿಗೆ ಬೆವರು ಕಿತ್ತುಕೊಂಡಿತ್ತು.

ಮುದ್ರಣಾಲಯದಲ್ಲಿ ಚೀಟಿಯನ್ನು ಪ್ರೂಫಿನ ಮರೆಯಲ್ಲಿಟ್ಟು ನೋಡುತ್ತಿದ್ದಾಗ ಬೈಂಡರ್ ಹಿಂದಿನಿಂದ ಇಣುಕಿದ. ಮಗಳ ಉತ್ತರ ಹತ್ತೊಂಬತ್ತು, ಗೈಡಿನದ್ದು ಐದು ಎಂದು ಹೇಳಲೇಬೇಕಾಯಿತು.

"ಮೂರರ ವರ್ಗ ಅಂದ್ರೆ ಮೂರೆರಡ್ಲಿ ಆರು. ನಾಲ್ಕೆರಡ್ಲಿ ಎಂಟು. ಒಟ್ಟು ಹದಿನಾಲ್ಕು. ವರ್ಗಮೂಲ ಅಂದ್ರೆ ಅದರಲ್ಲಿ ಅರ್ಧ. ಏಳು ಸಾರ್."

ತಮ್ಮ ಉತ್ತರಕ್ಕೆ ಇಂಥದ್ದೊಂದು ದಾರಿಯಿಂದ ಬೆಂಬಲ ಸಿಕ್ಕಿದ್ದು ಕೇಳಿ ಪ್ರೂಫ್ ರೀಡರಿಗೆ ಎದೆ ಝಲ್ಲೆಂದಿತು.

ಮಷೀನ್ ಮ್ಯಾನ್ ಕೈಯ ಮಸಿ ಒರೆಸಿಕೊಳ್ಳುತ್ತ ಬಂದ. "ಎಲ್ಲಿ ಏಳು? ಮೂಲದ ಗೆರೆ ಮೂರರ ಮೇಲಷ್ಟೇ ಇದೆ, ನಾಲ್ಕು ಹೊರಗೆ ನಿಂತಿದೆ. ಮೂರಕ್ಕೆ ಹದಿನಾರು ಕೂಡಿದ್ರೆ ಹತ್ತೊಂಬತ್ತು. ನಿಮ್ಮ ಮಗಳೇ ಸರಿ. ಗೆರೆ ನಾಲ್ಕರ ತಲೆ ಮೇಲೂ ಇದ್ದಿದ್ರೆ ಒಂಬತ್ತು, ಹದಿನಾರು, ಇಪ್ಪತ್ತೈದು. ಅದರ ಮೂಲ ಐದು. ಯಾರೋ ಪುಣ್ಯಾತ್ಮ ಗೆರೆ ನುಂಗಿದಾನೆ."

ತಪ್ಪು ಪುಸ್ತಕದ್ದು! ಪ್ರೂಫ್ ರೀಡರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಯಜಮಾನರು ಬಂದರು. ಅವರನ್ನು ನೋಡಿ ಇವರ ದನಿ ಇನ್ನಷ್ಟು ಏರಿತು.

"ಇದರ ಪ್ರೂಫ್ ನೋಡಿದವನನ್ನ ಒಂದನೇ ಕ್ಲಾಸಿಗೆ ಕಳಿಸ್ಬೇಕು ಸಾರ್. ಮಕ್ಕಳ ಭವಿಷ್ಯದ ಪ್ರಶ್ನೆ ಇದು."

"ನೀವಿರೋವಾಗ ನಮ್ಮಲ್ಲಿ ಇಂಥದ್ದೆಲ್ಲ ಆಗಲ್ಲ ಬಿಡಿ" ಎಂದು ಯಜಮಾನರು ತಲೆದೂಗಿದರು.

ನಾಲ್ಕು ಗಂಟೆಗೆ ಮೇಷ್ಟ್ರು ಗೈಡ್ ಹಿಡಿದು ಒಳಗೆ ಬಂದರು. "ಇದು ನಿಮ್ಮಲ್ಲೇ ಅಚ್ಚಾಗಿದ್ದು, ಕೊನೇ ಪುಟದಲ್ಲಿ ವಿಳಾಸ ಇದೆ. ಇಡೀ ಕ್ಲಾಸು ಹತ್ತೊಂಬತ್ತು ಬರ್ಕೊಂಡು ಬಂದಿದೆ."

ಯಜಮಾನರು ಹಳೇ ಪ್ರೂಫಿನ ಕಟ್ಟು ಬಿಚ್ಚಿಸಿದರು. ಅಲ್ಲಿ ಗೆರೆ ನಾಲ್ಕರ ಮೇಲೂ ಹಾದುಹೋಗಿತ್ತು. ಅದಕ್ಕೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ದುಂಡನೆಯ ಅಕ್ಷರ: "ಗೆರೆ ಅನವಶ್ಯಕವಾಗಿ ಉದ್ದವಾಗಿದೆ, ಕತ್ತರಿಸಿ." ಸಹಿ ಓದುವ ಅಗತ್ಯ ಯಾರಿಗೂ ಬೀಳಲಿಲ್ಲ. ವರ್ಷಕ್ಕೆ ನೂರೆಂಟು ಪುಸ್ತಕ ತಿದ್ದುವ ಅವರಿಗೆ ಮಾತ್ರ ಅದು ಮರೆತೇ ಹೋಗಿತ್ತು.

"ಉಳಿದಿರೋ ಎಂಟುನೂರು ಪ್ರತಿಗೂ ನೀವೇ ಕೈಯಾರೆ ಗೆರೆ ಎಳೀರಿ" ಎಂದರು ಯಜಮಾನರು.

ಪ್ರೂಫ್ ರೀಡರಿಗೆ ಅದರ ಚಿಂತೆಯಿರಲಿಲ್ಲ. ಬಾಗಿಲವರೆಗೆ ಮೇಷ್ಟ್ರ ಬೆನ್ನು ಹತ್ತಿದರು. "ಮೇಷ್ಟ್ರೇ, ನನ್ನ ಮಗಳು ಏನಾದ್ರೂ ಕೇಳಿದ್ಲಾ?"

"ಕೇಳಿದ್ಲು. ಅಪ್ಪನಿಗೆ ನೂರಕ್ಕೆ ನೂರು ಬಂದಿದ್ದು ನಿಜವಾ ಅಂತ."

"ನೀವೇನಂದ್ರಿ?"

"ಮಗು ಮುಖ ನೋಡಿದೆ ಕಣಯ್ಯ. ನಿಜ ಅಂದೆ."

ಪ್ರೂಫ್ ರೀಡರಿಗೆ ಕಣ್ಣು ತುಂಬಿ ಬಂತು. ಇಂಥ ಗುರುವಿಗೆ ಹಿಂದಿನಿಂದ ಅಡ್ಡಹೆಸರಿಟ್ಟಿದ್ದೆನಲ್ಲ ಎಂದು ದಾರಿಯುದ್ದಕ್ಕೂ ಪಶ್ಚಾತ್ತಾಪಪಟ್ಟರು.

ಮನೆ ಬಾಗಿಲಲ್ಲಿ ಒಂಬತ್ತು ಜೊತೆ ಚಿಕ್ಕ ಚಪ್ಪಲಿಗಳಿದ್ದವು. ಒಳಗೆ ನೆಲದ ಮೇಲೆ ಒಂಬತ್ತು ಮಕ್ಕಳು ನೋಟ್‌ಬುಕ್ ತೆರೆದು ಕುಳಿತಿದ್ದರು. ಮಗಳ ಮುಖ ಹೆಮ್ಮೆಯಿಂದ ಅರಳಿತ್ತು.

"ಬಾ ಅಪ್ಪ. ಪರೀಕ್ಷೆವರೆಗೂ ಲೆಕ್ಕದಲ್ಲಿ ಡೌಟಿದ್ದೋರೆಲ್ಲ ನಿನ್ನ ಹತ್ರಾನೇ ಬರ್ಬೇಕಂತೆ, ಮೇಷ್ಟ್ರು ಕ್ಲಾಸಲ್ಲೇ ಹೇಳಿದ್ರು. ಇವತ್ತು ಘಾತಾಂಕದಿಂದ ಶುರು ಮಾಡ್ತೀಯಾ?"

ಪ್ರೂಫ್ ರೀಡರ್ ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದನ್ನು ಬಿಚ್ಚಬೇಕೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತರು. ಅಡುಗೆಮನೆಯಲ್ಲಿ ಹೆಂಡತಿ ನಗುತ್ತಿರುವುದು ಕೇಳಿಸಿತು.