ದೋನ್ ಎವಾರಿಸ್ತೊಗೆ ಶ್ರದ್ಧಾಂಜಲಿ

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಟಿವಿಯಲ್ಲಿ ನೇರ ಬರಬೇಕಿತ್ತು. ಯಾವುದೋ ತಂತಿ ಕೈಕೊಟ್ಟಿತು. ಟಿವಿಯವರು ಕೈಗೆ ಸಿಕ್ಕಿದ ಹಳೆಯ ಸಿನಿಮಾವೊಂದನ್ನು ಹಾಕಿದರು. ಅದರಲ್ಲಿ ನಟ ಎವಾರಿಸ್ತೊ ಹೋಟೆಲ್ ಮಾಣಿ, ಆಡುವುದು ಎರಡೇ ಮಾತು. ಆದರೂ ಅವನಿದ್ದ ಕಟ್ಟಡದವರ ಪಾಲಿಗೆ ಅದು ಎವಾರಿಸ್ತೊನದೇ ಸಿನಿಮಾ. ಸ್ಪೇನಿನ ಮಾದ್ರಿದ್‌ನಲ್ಲಿ ಮುದಿ ನಟನ ಸಿನಿಮಾ ಹೊತ್ತಲ್ಲದ ಹೊತ್ತಿನಲ್ಲಿ ಬಂತೆಂದರೆ ಜನ ಅರ್ಥಮಾಡಿಕೊಳ್ಳುವುದು ಒಂದೇ: ಆತ ಹೋದ.

ಕಟ್ಟಡದ ಕಾವಲಿನ ಉರ್ಸುಲಾ ಓಡಿಹೋಗಿ ಅವನ ಬಾಗಿಲು ಬಡಿದಳು. ಒಳಗಿನಿಂದ ಸದ್ದಿಲ್ಲ. ಖಾತ್ರಿಯಾಯಿತು.

ಎವಾರಿಸ್ತೊ ಆಗ ಪಾರ್ಕಿನಲ್ಲಿ ಪಾರಿವಾಳಗಳಿಗೆ ತನ್ನ ಮಾತುಗಳನ್ನು ಒಪ್ಪಿಸುತ್ತಿದ್ದ. ಐವತ್ತು ವರ್ಷ ನಾಟಕ, ಸಿನಿಮಾಗಳಲ್ಲಿ ಪಾದ್ರಿ, ಪೋಸ್ಟ್‌ಮನ್, ಹೆಣ ಎಲ್ಲವೂ ಆಗಿದ್ದವನಿಗೆ ಅಂದು ಸಂಜೆ ಮೊದಲ ಸಲ ನಾಯಕನ ಪಾತ್ರ, ಕುರುಡ ನ್ಯಾಯಾಧೀಶನದು. ತನಗಾಗಿಯೇ ಎದ್ದ ಒಂದು ಚಪ್ಪಾಳೆ ಕೇಳಿ ಸಾಯಬೇಕೆಂಬುದು ಅವನ ಆಸೆ.

ಮಧ್ಯಾಹ್ನ ಮನೆಗೆ ಬಂದರೆ ಮೆಟ್ಟಿಲ ತುಂಬ ಕಪ್ಪು ಬಟ್ಟೆಯ ನೆರೆಹೊರೆ.

"ನಾಟಕಕ್ಕೆ ಇಷ್ಟು ಬೇಗ ಹೊರಟ್ರಾ?" ಎಂದ ಎವಾರಿಸ್ತೊ, ಖುಷಿಯಿಂದ.

ಉರ್ಸುಲಾ ಕಿಟಾರನೆ ಕಿರುಚಿದಳು. "ದೇವರೇ! ಬದುಕಿದೀರಾ?"

"ಯಾಕಮ್ಮ, ಹಾಗೆ ಕಾಣಲ್ವಾ?"

ಔಷಧಿ ಅಂಗಡಿ ಮುಚ್ಚಿ ನಿವೃತ್ತನಾಗಿದ್ದ ನೆರೆಮನೆಯ ಬಾಸಿಲಿಯೊ ಅವನ ಮಣಿಕಟ್ಟು ಹಿಡಿದ. "ನಾಡಿ ಇದೆ. ಅಂಥಾ ಚೆನ್ನಾಗೇನಿಲ್ಲ. ಅಲ್ಲಾ ಸ್ವಾಮಿ, ಟಿವಿಯವರು ಸುಮ್ಮನೆ ಹಾಕ್ತಾರಾ?"

"ಮತ್ತೆ ನಾನು ಸುಳ್ಳು ಹೇಳ್ತಿದೀನಾ?"

"ಏನು ಹೇಳೋದು? ನೀವು ನಟರು!"

ಒಂದು ಕ್ಷಣ ಎವಾರಿಸ್ತೊಗೂ ಅನುಮಾನ ಬಂತು. ತೊಡೆ ಚಿವುಟಿಕೊಂಡ. ನೋಯಿತು.

"ನಾಟಕದವ್ರಿಗೆ ಆಗಲೇ ಫೋನ್ ಮಾಡ್ಬಿಟ್ಟೆ," ಎಂದಳು ಉರ್ಸುಲಾ ಏಪ್ರನ್ನಿನಲ್ಲಿ ಮೂಗೊರೆಸುತ್ತ. "ಆ ನಿರ್ದೇಶಕಿ ಹುಡುಗಿ ಎಷ್ಟು ಅತ್ತಿತು ಗೊತ್ತಾ! ನಿಮಗೆ ಸಂತೋಷ ಆಗ್ತಿತ್ತು."

ಮತ್ತೆ ಫೋನ್ ಮಾಡಿದರೆ ಅಲ್ಲಿ ಯಾರೂ ಎತ್ತುತ್ತಿಲ್ಲ. ಸಾಂತ್ವನ ಹೇಳಲು ಬಂದವರೆಲ್ಲ ಅವನನ್ನೇ ಸುತ್ತುವರಿದು, ಕುಡಿಸಿ, ತಿನ್ನಿಸಿ, ಸಾಯದೆ ಇದ್ದದ್ದಕ್ಕೆ ಕಾರಣ ಕೇಳಿದರು. ಬಿಡಿಸಿಕೊಂಡು ಹೊರಡುವಷ್ಟರಲ್ಲಿ ನಾಟಕದ ಹೊತ್ತೇ ಆಗಿತ್ತು.

ರಂಗಮಂದಿರದ ಮುಂದೆ ಅವನದೇ ದೊಡ್ಡ ಫೋಟೊ, ಕಪ್ಪು ಪಟ್ಟಿ, ಮೇಣದಬತ್ತಿ. ಹಿಂಬಾಗಿಲಿಗೆ ಓಡಿದ. ಅಲ್ಲಿ ಹೊಸ ಕಾವಲುಗಾರ.

"ಸತ್ತವರ ಕಡೆಯವರಾ?"

"ಸತ್ತವನೇ ನಾನು!"

"ಹಾಗಾದ್ರೆ ಮುಂದಿನ ಬಾಗಿಲು. ಕ್ಯೂನಲ್ಲಿ ಬನ್ನಿ."

ಅವನ ಕಂಕುಳಡಿ ನುಗ್ಗಿ ಎವಾರಿಸ್ತೊ ಬಣ್ಣದ ಕೋಣೆ ಸೇರಿದ. ಹಳೆಯ ಎದುರಾಳಿ ಗಾಸ್ಪರ್ ಅಲ್ಲಿ ನ್ಯಾಯಾಧೀಶನ ನಿಲುವಂಗಿ ತೊಟ್ಟು ಗಡ್ಡ ಅಂಟಿಸಿಕೊಳ್ಳುತ್ತಿದ್ದ.

"ಥೂ ನಿನ್ನ! ಈಗಷ್ಟೇ ನಿನಗೋಸ್ಕರ ಅತ್ತು ಬಣ್ಣ ಹಾಳುಮಾಡ್ಕೊಂಡೆ," ಎಂದ ಗಾಸ್ಪರ್.

"ಮೊದಲು ಅಂಗಿ ಬಿಚ್ಚೋ!"

ನಿರ್ದೇಶಕಿ ನೊಯೆಲಿಯಾ ಓಡಿ ಬಂದವಳು ಕಂಬ ಹಿಡಿದು ನಿಂತಳು. "ದೋನ್ ಎವಾರಿಸ್ತೊ, ಈ ರಾತ್ರಿ ನಿಮ್ಮ ಬದಲು ಗಾಸ್ಪರ್ ಅಂತ ವೇದಿಕೆ ಮೇಲೆ ಹೇಳಾಯ್ತಲ್ಲ! ಜನ ಎದ್ದು ನಿಂತು ನಿಮ್ಮ ಆತ್ಮಕ್ಕೆ ಚಪ್ಪಾಳೆ ತಟ್ಟಿದ್ರು."

ಸತ್ತ ನಟನಿಗೆ ಅಲ್ಲಿ ಮೌನವಲ್ಲ, ಚಪ್ಪಾಳೆಯೇ ಗೌರವ.

"ಜೋರಾಗಿ ತಟ್ಟಿದ್ರಾ?"

"ಗೋಡೆ ಅದುರಿತು."

ಎವಾರಿಸ್ತೊನ ಮುಖ ಅರಳಿತು, ಮರುಕ್ಷಣ ಬಾಡಿತು. "ನಾನು ಕೇಳಿಸ್ಕೊಳ್ಳೇ ಇಲ್ವಲ್ಲಮ್ಮ!"

"ಈಗ ಹೋಗಿ ಬದುಕಿದಾರೆ ಅಂದ್ರೆ ನನ್ನನ್ನೇ ಹೊಡೀತಾರೆ."

"ನೀನೇನೂ ಹೇಳ್ಬೇಡ. ನಾನು ಆಡೋದು ನೋಡಿದ್ರೆ ಅವರಿಗೇ ತಿಳಿಯುತ್ತೆ."

ಗಡ್ಡ ಅಂಟಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎವಾರಿಸ್ತೊ ವೇದಿಕೆಗೆ ನಡೆದ. ಐವತ್ತು ವರ್ಷ ಬಚ್ಚಿಟ್ಟಿದ್ದನ್ನೆಲ್ಲ ಒಂದೇ ರಾತ್ರಿ ಸುರಿದ. ಅಂಥ ಅಭಿನಯವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಪರದೆ ಬಿದ್ದಾಗ ಜನ ಮರ್ಯಾದೆಗೆಂಬಂತೆ ನಾಲ್ಕು ತಟ್ಟು ತಟ್ಟಿ ಎದ್ದರು.

ಏನೂ ತಿಳಿಯದೆ ಅವನು ಕಣ್ಣಿನ ಬಟ್ಟೆ ಕಿತ್ತು, ಗಡ್ಡದ ವೇಷದಲ್ಲೇ ಹೊರಗೋಡಿದ. ಹೂಗುಚ್ಛ ಹಿಡಿದ ಅಜ್ಜಿಯೊಬ್ಬಳು ಅವನ ಕೈ ಹಿಡಿದಳು. ಕಣ್ಣು ಒದ್ದೆ.

"ಬೇಜಾರು ಮಾಡ್ಕೊಬೇಡ ಗಾಸ್ಪರ್. ಒಂದೇ ದಿನದಲ್ಲಿ ಇಷ್ಟು ಮಾಡಿದ್ದೇ ಹೆಚ್ಚು. ಆದ್ರೂ ಎವಾರಿಸ್ತೊ ಮಾಡಿದ್ರೆ ಅದರ ಕಳೆಯೇ ಬೇರೆ ಕಣಪ್ಪ. ನಿನಗೆಲ್ಲಿ ಬರ್ಬೇಕು ಅದು!"

"ಅಮ್ಮಾ, ನಾನೇ ಎವಾರಿಸ್ತೊ!"

"ಛೀ, ಸತ್ತವರ ಹೆಸರಲ್ಲಿ ತಮಾಷೆ ಬೇಡ." ಅಜ್ಜಿ ಹೂಗುಚ್ಛವನ್ನು ಅವನ ಕೈಗೆ ತುರುಕಿದಳು. "ಹೋಗು, ಇದನ್ನ ಅವರ ಫೋಟೊ ಹತ್ತಿರ ಇಟ್ಟು ಬಾ. ನನಗೆ ಬಗ್ಗೋಕೆ ಆಗಲ್ಲ."

ಎವಾರಿಸ್ತೊ ಬಗ್ಗಿ ಹೂವಿಟ್ಟ. ಹಿಂದೆ ನಿಂತಿದ್ದ ಜನವೆಲ್ಲ ಗೋಡೆ ಅದುರುವಂತೆ ಚಪ್ಪಾಳೆ ತಟ್ಟಿದರು, ಫೋಟೊ ಕಡೆ ನೋಡುತ್ತ. "ಸ್ವಲ್ಪ ಪಕ್ಕಕ್ಕೆ ಸರೀರಿ ಸ್ವಾಮಿ," ಎಂದರು ಯಾರೋ, "ಅವರು ಕಾಣ್ತಿಲ್ಲ."