ಸತ್ತವನಿಗೆ ರುಮಾಲು

ಸಿಟ್ಟು ಬಂದವರು ಒಂದು ತಂಬಿಗೆ ನೀರು ಕುಡಿಯಬೇಕು ಎನ್ನುತ್ತಾರೆ. ನಾನು ಒಂದು ಬಾವಿಯನ್ನೇ ಕುಡಿದಿರಬೇಕು. ಎಪ್ಪತ್ತರ ದಶಕದಲ್ಲಿ ಬಂದ ಸಿಟ್ಟು, ಎಂಬತ್ತರ ದಶಕ ಅರ್ಧ ಮುಗಿದರೂ ಇಳಿದಿಲ್ಲ. ಇದಕ್ಕೆ ಕಾರಣ ನನ್ನ ಮಾವನವರು. ಅವರಿಗಿಂತ ಮೊದಲಿನ ಕಾರಣ ಐರ್ಲೆಂಡ್.

ಇಳಕಲ್ಲಿನ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹುಡುಗರ ಅಭಿಪ್ರಾಯ ಬೇರೆ ಇದೆ, ಇರಲಿ. ಲೈಬ್ರರಿಯಲ್ಲಿ ಐರ್ಲೆಂಡಿನ ರಂಗಭೂಮಿಯ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ಹಾಳಾದ್ದು, ಓದಿಬಿಟ್ಟೆ. ನಮ್ಮ ಹಾಗೇ ಇಂಗ್ಲಿಷರ ಕೈಕೆಳಗಿದ್ದ ಪುಟ್ಟ ನಾಡು. ಗುಮಾಸ್ತರು, ಅಂಗಡಿಯವರು ಹಗಲೆಲ್ಲ ದುಡಿದು ಸಂಜೆ ಡಬ್ಲಿನ್ನಿನ ಸಣ್ಣ ಥಿಯೇಟರುಗಳಲ್ಲಿ ತಮ್ಮ ನಾಟಕ ತಾವೇ ಆಡಿದರಂತೆ. ಪರದೆ, ಪೆಟ್ಟಿಗೆ ಹೊತ್ತು ಊರೂರು ತಿರುಗುವ ಕಂಪನಿಗಳೂ ಇದ್ದವಂತೆ, ಥೇಟ್ ನಮ್ಮ ಕಂಪನಿಗಳೇ. ಸಿನಿಮಾ ಬಂದು ಅವೂ ಗಂಟುಮೂಟೆ ಕಟ್ಟಿದವಂತೆ. ನಾಟಕ ಹಿಡಿಸದಿದ್ದರೆ ಅಲ್ಲಿಯ ಜನ ಎದ್ದು ಜಗಳ ಆಡುತ್ತಿದ್ದರು. ಹಿಡಿಸಿದರೆ ಬರುವ ಕೆಮ್ಮನ್ನೂ ತಡೆದು ಕೂಡುತ್ತಿದ್ದರು. ನನಗೆ ಇಳಕಲ್ಲಿನಲ್ಲಿ ಆ ಮೌನ ಬೇಕೆನಿಸಿತು.

ಪ್ರಿನ್ಸಿಪಾಲರನ್ನು ಒಪ್ಪಿಸಿದೆ. ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನನ್ನ ಒಂದು ನಾಟಕ ಶಿಸ್ತಿನಿಂದ ನಡೆದರೆ, ಕಾಲೇಜಿನ ಹಳೆಯ ಸಭಾಂಗಣ ನಮ್ಮ ಪುಟ್ಟ ಥಿಯೇಟರ್ ಆಗಬೇಕು. ಐರಿಶ್ ಧಾಟಿಯಲ್ಲಿ ಏಕಾಂಕ ಬರೆದೆ. ಮಗಳೊಡನೆ ಮಾತು ಬಿಟ್ಟ ಹಟಮಾರಿ ಮುದುಕ ಮಾತಾಡದೆಯೇ ಸಾಯುತ್ತಾನೆ, ಮಗಳು ಹೆಣದ ಪಕ್ಕ ಐದು ನಿಮಿಷ ಸುಮ್ಮನೆ ಕೂಡುತ್ತಾಳೆ, ಪರದೆ. ಮುದುಕ ನಾನು. ಮಗಳು, ಕಂಪನಿಗಳಲ್ಲಿ ಇಪ್ಪತ್ತು ವರ್ಷ ಅತ್ತು ಪಳಗಿದ ಶಾಂತಾಬಾಯಿ. ನಮ್ಮ ಕಡೆ ನಾಟಕ ನಡೆದಿರುವಾಗಲೇ ಬಂಧುಬಳಗದವರು ರಂಗ ಹತ್ತಿ ನಟರಿಗೆ ಟವೆಲು ಹೊದಿಸಿ, ತಲೆಗೆ ರುಮಾಲು ಸುತ್ತಿ ಆಹೇರಿ ಮಾಡುತ್ತಾರೆ. ಮೆಚ್ಚಿದ್ದನ್ನು ‘ವನ್ಸ್ ಮೋರ್’ ಎಂದು ಕೂಗಿ ಮತ್ತೆ ಮಾಡಿಸುತ್ತಾರೆ. ಇವೆರಡನ್ನೂ ನಿಷೇಧಿಸಿ ಬಾಗಿಲಿಗೆ ಬೋರ್ಡು ಹಾಕಿದೆ. ಪರದೆ ಏಳುವ ಮುಂಚೆ ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಸಂಜೆ ನಾಟಕ ಸುರುವಾಯಿತು. ಸತ್ತೆ. ಏನು ಮೌನ! ಕಣ್ಣು ಮುಚ್ಚಿ ಡಬ್ಲಿನ್ನಿನಲ್ಲಿ ಮಲಗಿದ್ದೆ. ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಅರೆಗಣ್ಣಿನಲ್ಲಿ ನೋಡುತ್ತೇನೆ, ಕುಳಗೇರಿ ಕ್ರಾಸಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಮಾವನವರು! ಎರಡು ಬಸ್ಸು ಬದಲಿಸಿ ಬಂದವರು ರುಮಾಲು ಹಿಡಿದು ರಂಗದ ಮೇಲೆ ನಿಂತಿದ್ದರು.

“ಆಹೇರಿ ಬ್ಯಾಡಂತ ಹೇಳ್ಯಾರಲ್ರಿ ಯಜಮಾನ್ರ,” ಎಂದು ಸಭೆಯಿಂದ ಯಾರೋ ಕೂಗಿದರು.

“ಅದು ಹೊರಗಿನವ್ರಿಗೆ ಹೇಳಿದ್ದಪಾ. ನಾ ಹೆಣ್ಣು ಕೊಟ್ಟಾಂವ,” ಎಂದರು ಮಾವ. ನನ್ನ ತಲೆಯ ಹತ್ತಿರ ಬಂದು, “ಏಳ್ರಿ ಅಳಿಯಂದ್ರ,” ಎಂದರು.

ಎದ್ದರೆ ಥಿಯೇಟರ್ ಹೋಯಿತು. ಏಳದಿದ್ದರೆ ನಾಲ್ಕು ಜನರ ಮುಂದೆ ಮಾವನ ಮರ್ಯಾದೆ ಹೋಯಿತು. ನಾನು ಹಲ್ಲು ಕಚ್ಚಿ ಹೆಣವಾಗಿಯೇ ಉಳಿದೆ. ಶಾಂತಾಬಾಯಿ ಮುಖದ ದುಃಖ ಕದಲಿಸದೆ ಪಿಸುಗುಟ್ಟಿದಳು: “ಏಳ್ರಿ ಸರ್, ಹಿರ್ಯಾರು ನಿಂತಾರ. ಆಮ್ಯಾಲ ಸಾಯಾಕ ಬರತೈತಿ.”

ಆದರೂ ಏಳಲಿಲ್ಲ. ಆಗ ಹೆಂಗಸರ ಕಡೆಯಿಂದ ನನ್ನ ಹೆಂಡತಿಯ ಧ್ವನಿ ಬಂತು: “ನಮ್ಮಪ್ಪ ನಿಂತಾನ, ಏಳ್ತೀರೋ ಇಲ್ಲೋ?”

ಎದ್ದೆ. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ರುಮಾಲು ಸುತ್ತಿಸಿಕೊಂಡು, ನಮಸ್ಕಾರ ಮಾಡಿ, ಮತ್ತೆ ಮಲಗಿದೆ. “ವನ್ಸ್ ಮೋರ್!” ಎಂಬ ಕೂಗು ಎದ್ದಿತು. ಮೊದಲು ಕೂಗಿದವರು ಪ್ರಿನ್ಸಿಪಾಲರು. ಸಭೆ ಬಿಡಲಿಲ್ಲ. ಮತ್ತೊಮ್ಮೆ ಸಾಯಬೇಕಾಯಿತು.

ಮರುದಿನ ಪ್ರಿನ್ಸಿಪಾಲರು, “ಸಭಾಂಗಣ ತಗೋರಿ. ಆದ್ರ ಪ್ರತಿ ಸಲ ಮಾವನ್ನ ಕರಕೊಂಡು ಬರ್ರಿ,” ಎಂದರು. ನಿಮ್ಮ ಸಭಾಂಗಣ ನಿಮಗೇ ಇರಲಿ ಎಂದು ಹೊರಬಿದ್ದೆ. ಈಗ ಅಲ್ಲಿ ಮುರಿದ ಬೆಂಚು ಒಟ್ಟಿದ್ದಾರೆ.

ಈ ಜನ ಕಲೆಯ ಕತ್ತು ಹಿಸುಕಿದರು ಎಂದು ಇಷ್ಟು ವರ್ಷ ಕಂಡಕಂಡವರ ಮುಂದೆ ಕೂಗಾಡಿದ್ದೇನೆ. ನಿಮ್ಮೆದುರು ಸುಳ್ಳೇಕೆ? ಎರಡನೆಯ ಸಲ ನಾನು ಮೊದಲಿಗಿಂತ ಚೆನ್ನಾಗಿ ಸತ್ತಿದ್ದೆ. ಒಂದೆರಡು ಕೆಮ್ಮು ಹೆಚ್ಚು ಸೇರಿಸಿದ್ದೆ, ಮಗಳ ಕಡೆಗೆ ಒಂದು ಕೈ ಚಾಚಿದ್ದೆ. ರುಮಾಲೂ ಒಪ್ಪಿತ್ತು. ಪರದೆ ಬಿತ್ತು. ಕಣ್ಣು ಮುಚ್ಚಿಕೊಂಡು, ಉಸಿರು ಹಿಡಿದು ಕಾದೆ. ಬೆಂಚುಗಳು ಸರಿದವು, ಚಪ್ಪಲಿಗಳ ಸದ್ದು ಬಾಗಿಲು ದಾಟಿತು. ಮೂರನೆಯ ಸಾವಿಗೆ ‘ವನ್ಸ್ ಮೋರ್’ ಎಂದು ಒಬ್ಬರೂ ಕೂಗಲಿಲ್ಲ, ನನ್ನ ಮಾವನವರು ಕೂಡ.